ತಟ್ಟೆಯಲ್ಲಿ ಉಳಿದ ಮೊಸರನ್ನ

ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಬರುವ ಆಸ್ಪತ್ರೆಗೆ ಅತ್ತೆ ತನ್ನ ಹೊಸ ಸೊಸೆಯನ್ನು ಕರೆತಂದಿದ್ದಳು. ಶಾಪ ತಗುಲಿದ ರಾಜಕುಮಾರಿಯ ಹಾಗೆ ಸೊಸೆ ಕೂತಲ್ಲೇ ತೂಕಡಿಸುತ್ತಿದ್ದಳು. ಮಡಿಲಲ್ಲಿದ್ದ ಅವಳ ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. ಅವಳ ಗಂಡ ಕಿಟಕಿಯಾಚೆ ಹೊಂಗೆ ಮರದ ಕೆಳಗೆ ನಿಂತಿದ್ದ.

“ಇವಳಿಗೆ ತಲೆ ಕೆಟ್ಟಿದೆ ಅಂತ ಒಂದು ಚೀಟಿ ಬರೆದುಕೊಡಿ ಡಾಕ್ಟ್ರೇ, ತವರಿಗೆ ಕಳಿಸಿಬಿಡ್ತೀವಿ,” ಎಂದಳು ಅತ್ತೆ. “ನನ್ನ ಮಗ ರಾತ್ರಿಯೆಲ್ಲ ಗೋಡೆ ಜೊತೆ ಮಾತಾಡ್ತಾನಂತೆ! ನಿನ್ನೆ ಕುಡುಗೋಲು ಹಿಡ್ಕೊಂಡು ಇವಳ ತಲೆದೆಸೇಲಿ ನಿಂತಿದ್ದನಂತೆ! ಬಂಗಾರದಂಥ ಹುಡುಗ ಅವನು.”

ಡಾಕ್ಟರು ಸೊಸೆಯ ಕೈ ಹಿಡಿದು ಮೆಲ್ಲಗೆ ಮಡಚಿ ನೋಡಿದರು. ಅದು ಕೊರಡಿನಂತೆ ಬಿಗಿದುಕೊಂಡಿತ್ತು. “ಇದು ಕಾಯಿಲೆಯಿಂದ ಬಂದಿದ್ದಲ್ಲ, ಮಾತ್ರೆಯಿಂದ ಬಂದಿದ್ದು. ಯಾವ ಮಾತ್ರೆ ತಗೋತಿದೀಯಮ್ಮ?”

“ಯಾವುದೂ ಇಲ್ಲ ಮೇಡಂ.” ಅವಳ ನಾಲಿಗೆ ತೊದಲುತ್ತಿತ್ತು.

“ಊಟ ಏನು ಮಾಡ್ತೀಯ?”

“ಮನೇಲಿ ಎಲ್ಲರೂ ಉಣ್ಣೋದೇ. ಕೊನೇಲಿ ನಮ್ಮೆಜಮಾನ್ರ ತಟ್ಟೇಲಿ ಉಳಿದ ಮೊಸರನ್ನ. ಅತ್ತೆ ದಿನಾ ಅವರಿಗೇ ಅಂತ ಬೇರೆ ಕಲಸಿ ಇಡ್ತಾರೆ, ಅವರು ಮುಟ್ಟೋದೇ ಇಲ್ಲ. ಗಂಡನ ತಟ್ಟೇಲಿ ಉಳಿದಿದ್ದು ಚೆಲ್ಲಬಾರದು ಅಂತ ಅತ್ತೇನೇ ಹೇಳಿದ್ರಲ್ಲ, ಕಹಿಯಾದ್ರೂ ನಾನೇ ತಿಂದುಬಿಡ್ತೀನಿ.”

ಅತ್ತೆ ತಟ್ಟನೆ ಕಿಟಕಿಯ ಕಡೆ ತಿರುಗಿದಳು. ಹೊರಗೆ ಮಗ ಹೊಂಗೆ ಮರ ಹೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದ.

“ಅಯ್ಯೋ, ಹಾಗಾದ್ರೆ ಮದುವೆಯಾದಾಗಿನಿಂದ ನನ್ನ ಮಗನ ಹೊಟ್ಟೆಗೆ ಒಂದು ಮಾತ್ರೇನೂ ಹೋಗಿಲ್ವಾ?”