ಹದಿನೇಳು ಹಾಳೆ ಹೆಚ್ಚು

“ಅಗ್ಗ ಅಂತ ಆ ಹೊಸ ಸಾಫ್ಟ್‌ವೇರ್ ತಂದೆಯಲ್ಲಮ್ಮ, ನೋಡೀಗ! ಹದಿನೇಳು ಹಾಳೆ ಹೆಚ್ಚಿಗೆ ಕಕ್ಕಿದೆ,” ಎಂದರು ದೊಡ್ಡ ಸಿಸ್ಟರು.

ಪ್ರೋಗ್ರಾಂ ಬರೆಯುವಾಕೆ ಹಾಳೆಗಳನ್ನು ಎತ್ತಿಕೊಂಡಳು. ಕಣ್ಣಾಸ್ಪತ್ರೆಯ ಕಡತದ ಕೋಣೆಯಲ್ಲಿ ಪ್ರಿಂಟರ್ ಇನ್ನೂ ಕೊರಕೊರ ಎನ್ನುತ್ತಿತ್ತು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆಯವರನ್ನು ಮೂರು ತಿಂಗಳಿಗೊಮ್ಮೆ ಪತ್ರ ಹಾಕಿ ಕರೆಯುವ ಪಟ್ಟಿ ಅದು. ಕರೆಯದೆ ಬಿಟ್ಟರೆ ನೋಟ ಸದ್ದಿಲ್ಲದೆ ಹೋಗುತ್ತದೆ. ಹೋದದ್ದು ಮತ್ತೆ ಬಾರದು.

ಕಂಪ್ಯೂಟರೋ, ಯಾರೋ ದಾನ ಕೊಟ್ಟ ಹಳೆಯದು. ಪಟ್ಟಿಯಲ್ಲಿ ಒತ್ತಡದ ಅಂಕಿಗಳೂ ಇರಲಿ ಎಂದು ದೊಡ್ಡ ಡಾಕ್ಟರು ಅಪ್ಪಣೆ ಕೊಡಿಸಿದ್ದರು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಹಳೆಯ ಕಂಪೈಲರಿಗೆ ಅದು ಆಗದ ಮಾತು. ಮೆಮೊರಿ ಎಷ್ಟೇ ಇರಲಿ, ಒಂದು ಮೂಲೆಯನ್ನಷ್ಟೇ ಬಳಸುತ್ತಿತ್ತು; ಜಗಲಿ ದಾಟಿ ಒಳಗೆ ಬಾರದ ಬಿಗುಮಾನದ ನೆಂಟ ಅದು. ಹೆಸರುವಾಸಿ ಕಂಪೈಲರಿನ ಬೆಲೆಗೆ ಇನ್ನೊಂದು ಕಂಪ್ಯೂಟರೇ ಬರುತ್ತಿತ್ತು. ವಾರವೆಲ್ಲ ಅಳೆದು ಸುರಿದು, ಯಾರೂ ಕೇಳರಿಯದ ಕಂಪನಿಯದೊಂದನ್ನು ತರಿಸಿದ್ದಳು. ಇರುವ ಮೆಮೊರಿಯನ್ನೆಲ್ಲ ಬಳಸುತ್ತದಂತೆ! ಮೊದಲು ಪರೀಕ್ಷೆಗೆಂದು ಹಳೆಯ ಪ್ರೋಗ್ರಾಮನ್ನೇ, ಒಂದಕ್ಷರ ಬದಲಿಸದೆ, ಅದರಲ್ಲಿ ಓಡಿಸಿದ್ದಳು.

“ಹೆಸರು ಎರಡೆರಡು ಸಲ ಬಂದಿರ್ಬೇಕು ಸಿಸ್ಟರ್. ಈ ದರಿದ್ರನ ವಾಪಸ್ ಕಳಿಸ್ತೀನಿ.”

“ತಡಿ ತಾಯಿ. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತಾ?”

ಸಿಸ್ಟರು ಕಾರ್ಡುಗಳ ಡ್ರಾಯರ್ ಎಳೆದರು. ಹೆಚ್ಚಿನ ಹಾಳೆಯ ಮೊದಲ ಹೆಸರಿಗೆ ಕಾರ್ಡಿತ್ತು. ಎರಡನೆಯದಕ್ಕೂ ಇತ್ತು. ಹತ್ತನೆಯದಕ್ಕೂ ಇತ್ತು; ಒಂದೂ ಎರಡು ಸಲ ಬಂದ ಹೆಸರಲ್ಲ. ಎಲ್ಲರೂ ಈ ಎರಡು ವರ್ಷದಲ್ಲಿ ಪಟ್ಟಿಯ ಕೊನೆಗೆ ಸೇರಿದವರು. ಒಬ್ಬರ ಕಾರ್ಡಿನಲ್ಲೂ ಎರಡನೆಯ ಭೇಟಿಯ ತಾರೀಖಿರಲಿಲ್ಲ.

“ಅಯ್ಯೋ, ಪತ್ರ ಬಂದಾಗ ಬನ್ನಿ ಅಂತ ನಾನೇ ಹೇಳಿ ಕಳಿಸಿದೋರು ಇವರು! ಹಳೇದು ಇವರನ್ನ ಯಾಕಮ್ಮ ಬಿಟ್ಟಿತು?”

ಆಗ ಆಕೆಗೆ ನೆನಪಾಯಿತು. ಮೆಮೊರಿ ಸಾಲದೆಂದು ಪರದೆಯ ಮೇಲೆ ದೂರು ಬಂದಾಗಲೆಲ್ಲ ದೊಡ್ಡ ಡಾಕ್ಟರು ಹಾರಾಡುತ್ತಿದ್ದರು. ಆ ಕಾಟ ತಾಳಲಾರದೆ ಆಕೆಯೇ ಒಂದು ಸಾಲು ಸೇರಿಸಿದ್ದಳು: ಜಾಗ ತುಂಬಿದರೆ ತೆಪ್ಪಗೆ ಅಲ್ಲಿಗೇ ನಿಲ್ಲಿಸು, ಬಂದಷ್ಟನ್ನು ಅಚ್ಚುಮಾಡು. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದಳು.

“ಅದಾಗೇ ಬಿಡಲಿಲ್ಲ ಸಿಸ್ಟರ್. ಬಿಡು ಅಂತ ನಾನೇ ಹೇಳಿದ್ದೆ.” ಆಕೆ ಹೆಚ್ಚಿನ ಹಾಳೆಗಳನ್ನು ಬೇರೆಯಾಗಿ ಜೋಡಿಸಿಕೊಂಡಳು. “ಇವತ್ತೇ, ಈಗಲೇ ಎಲ್ಲರಿಗೂ ಪತ್ರ ಹಾಕ್ತೀನಿ.”

“ಹಾಕು,” ಎಂದರು ಸಿಸ್ಟರು, ಕಾರ್ಡಿನಿಂದ ಕಣ್ಣೆತ್ತದೆ. “ಆದ್ರೆ ರೋಗಿ ಹೆಸರಿಗೆ ಬೇಡ. ಮನೇಲಿ ಕಣ್ಣು ಕಾಣೋರು ಯಾರಿದಾರೋ, ಅವರ ಹೆಸರಿಗೆ ಹಾಕು.”