ಕೆಂಪು ದಾರದ ಬಾಟಲಿ

ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟಿಗೆ ಟೈಲರನ ಕಣ್ಣು ಉರಿಯುತ್ತಿತ್ತು. ಬಾಣಲೆಯಲ್ಲಿ ಚೈನೀಸ್ ಚಿಕನ್ ಚಟಪಟ ಎನ್ನುತ್ತಿದ್ದಂತೆ ಅವನು ಗೋಧಿ ಬೆರೆಸದ ಸೋಯಾ ಸಾಸಿನ ಬಾಟಲಿ ಎತ್ತಿಕೊಂಡ. ಗುರುತಿಗೆಂದು ಅದರ ಕತ್ತಿಗೆ ಅವನೇ ಕೆಂಪು ದಾರ ಸುತ್ತಿದ್ದ. ಅಷ್ಟರಲ್ಲಿ ಹೆಂಡತಿ ಫೋನ್ ಹಿಡಿದುಕೊಂಡೇ ಒಳಗೆ ಬಂದಳು.

"ರೀ, ಲ್ಯಾಬಿಂದ ಫೋನು. ನನ್ನ ಗೋಧಿ ಅಲರ್ಜಿ ರಿಪೋರ್ಟು ಬೇರೆ ಯಾರದೋ ಜೊತೆ ಅದಲುಬದಲಾಗಿತ್ತಂತೆ. ಗೋಧಿ ತಿಂದ್ರೆ ನಂಗೇನೂ ಆಗಲ್ವಂತೆ."

ಬಾಟಲಿ ಹಿಡಿದ ಕೈ ಅಲ್ಲೇ ನಿಂತಿತು. ಕುಣಿದಾಡಬೇಕಾದ ಸುದ್ದಿ, ಆದರೂ ಅವನಿಗೆ ಯಾಕೋ ಖುಷಿಯಾಗಲಿಲ್ಲ. ಒಂದು ಲೋಟ ನೀರೂ ಕಾಯಿಸಿ ಗೊತ್ತಿಲ್ಲದವನು ಅವಳ ಪಥ್ಯ ಕೆಡಬಾರದೆಂದು ಎಂಟು ತಿಂಗಳಿಂದ ಸೌಟು ಹಿಡಿದಿದ್ದ. ಅವಳು ಈ ಅಡುಗೆಕಟ್ಟೆಯ ಮೇಲೆ ಕೂತು, ಕಾಲಾಡಿಸುತ್ತ, ದಿನದ ಸುದ್ದಿಯೆಲ್ಲ ಹೇಳತೊಡಗಿದ್ದೂ ಆಗಿನಿಂದಲೇ.

"ಹಾಗಾದ್ರೆ ನಾಳೆಯಿಂದ ಅಡುಗೆ..." ಎಂದು ಅವನು ಬಾಟಲಿಯ ದಾರ ಸವರಿದ.

ಅವಳು ಮೇಲಿನ ಶೆಲ್ಫಿನಿಂದ ಗೋಧಿ ಬೆರೆಸಿದ ಹಳೆಯ ಸಾಸಿನ ಬಾಟಲಿ ಇಳಿಸಿದಳು. ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಅಲ್ಲೇ ಇಟ್ಟಳು. ಆಮೇಲೆ ಕಟ್ಟೆ ಹತ್ತಿ ಕೂತಳು.

"ಚಿಕನ್ ಸೀದುಹೋಗ್ತಿದೆ. ಆ ದಾರದ ಬಾಟಲಿದೇ ಹಾಕಿ. ನಂಗೆ ಗೋಧಿ ಆಗಲ್ಲ ಅಂತ ಗೊತ್ತಿಲ್ವಾ?"