ಮಡ್‌ಗಾರ್ಡಿಗೆ ಕಾಡಿಗೆ

ತೆಂಗಿನಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು. ಶುಭಶಕುನವೆಂದು ದಾಮೋದರ ನಕ್ಕ. ನಗು ತುಟಿಯ ಮೇಲಿರುವಾಗಲೇ ಅವನ ಕಣ್ಣು ಹೊಸ ಮೋಟಾರಿನ ಮಡ್‌ಗಾರ್ಡಿನ ಮೇಲೆ ಬಿತ್ತು. ಹುಣಸೆಬೀಜದಷ್ಟು ಕಪ್ಪು ಬಣ್ಣ ಎದ್ದುಹೋಗಿ ಒಳಗಿನ ತಗಡು ಬೆಳ್ಳಗೆ ಹೊಳೆಯುತ್ತಿತ್ತು.

ಹೊಸ ಬಂಡಿ ಬಂದಾಗ ಗಾಲಿಯ ಕಬ್ಬಿಣದ ಪಟ್ಟಿಗೆ ಕಾಯಿ ಕುಟ್ಟಿ ಒಡೆಯುವುದು ಅವನ ಅಜ್ಜನ ಕಾಲದ ಪದ್ಧತಿ. ಮೋಟಾರಿನ ಗಾಲಿಗೋ ರಬ್ಬರು. ರಬ್ಬರಿಗೆ ಕುಟ್ಟಿದರೆ ಕಾಯಿ ಒಡೆದೀತೇ? ದಾಮೋದರ ಜಾಣ, ಗಟ್ಟಿ ಜಾಗ ಹುಡುಕಿ ಕುಟ್ಟಿದ್ದ.

“ನಾಗಪ್ಪನವರು ಬರೋತನಕಾ ಮುಟ್ಟಬ್ಯಾಡ್ರಿ ಅಂದಿದ್ದೆ,” ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಾಶೀಬಾಯಿ.

ನಾಗಪ್ಪನವರು ವಾಗದರಿಗೆ ಹೋಗಿದ್ದರು. ಮಧ್ಯಾಹ್ನದ ರೈಲಿಗೆ ಸೋಲಾಪುರಕ್ಕೆ ಮರಳುವವರು. ಹೋಗುವಾಗ ಮೋಟಾರನ್ನು ಅಂಗಳದಲ್ಲಿ ನಿಲ್ಲಿಸಿ, ಯಾರೂ ಕೈ ಹಚ್ಚಕೂಡದೆಂದು ದಾಮೋದರನಿಗೇ ಬೆರಳು ತೋರಿಸಿ ಹೇಳಿದ್ದರು. ಅದು ಸಾವಿರದ ಒಂಬೈನೂರ ಇಪ್ಪತ್ತೆಂಟನೆಯ ಇಸವಿ. ಮೋಟಾರಿನ ವಿಷಯ ಬಂದರೆ ಆ ಓಣಿಯಲ್ಲಿ ನಾಗಪ್ಪನವರ ಮಾತೇ ಕೊನೆಯ ಮಾತು. ಹಿಂದಿನ ಸೀಟಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳಲಿಕ್ಕೂ ದಾಮೋದರ ಅವರ ಮುಖ ನೋಡುತ್ತಿದ್ದ. ಮರವಡೆ ಊರಿನ ಒಬ್ಬ ದೇಸಾಯರು ಬಾನೆಟ್ಟಿನ ಮೇಲೆ ಅಡಿಕೆ ತಟ್ಟೆ ಇಟ್ಟದ್ದಕ್ಕೆ ನಾಗಪ್ಪನವರು ಮತ್ತೆಂದೂ ಅವರ ಹೊಸ್ತಿಲು ತುಳಿಯಲಿಲ್ಲವಂತೆ.

ಕಚೇರಿಯಲ್ಲಿ ಮುನ್ಸೀಫರೆದುರು ಗುಡುಗುವ ವಕೀಲ ದಾಮೋದರ ಈಗ ಮಡ್‌ಗಾರ್ಡಿನೆದುರು ಕುಕ್ಕರಗಾಲಲ್ಲಿ ಕೂತ. ಮರುದಿನ ಮಗಳು ಗೋಪಿಕಾಳ ಮದುವೆ. ಬೆಳಗಾಗುತ್ತಲೇ ಮೋಟಾರು ಅಕ್ಕಲಕೋಟೆಗೆ ಹೋಗಿ ವರನನ್ನು ಕರೆತರಬೇಕು. ಮೋಟಾರನ್ನೇ ಕಳಿಸುತ್ತೇನೆಂದು ಬೀಗರಿಗೆ ಇವನೇ ಮೀಸೆ ತಿರುವಿ ಮಾತು ಕೊಟ್ಟಿದ್ದ. ಎತ್ತಿನ ಬಂಡಿ ಬಂದರೆ ಹುಡುಗ ಹೊಸ್ತಿಲು ದಾಟುವುದಿಲ್ಲವೆಂದು ಅವರೂ ಹೇಳಿಕಳಿಸಿದ್ದರು. ನಾಗಪ್ಪನವರು ಒಲ್ಲೆ ಎಂದರೆ ಮೋಟಾರು ಅಂಗಳ ಬಿಟ್ಟು ಕದಲದು. ಮೋಟಾರು ಕದಲದಿದ್ದರೆ ಮದುವೆಯೇ ಇಲ್ಲ.

ಅಂಗಡಿ ಬೋರ್ಡು ಬರೆಯುವ ಅಮೃತಪ್ಪನನ್ನು ಕರೆಸಿದ. ಅವನು ಬಗ್ಗಿ ನೋಡಿ, ಬಣ್ಣ ಬಳಿಯಬಹುದು, ಆದರೆ ಇವತ್ತೇ ಒಣಗುವುದಿಲ್ಲ, ವಾಸನೆಯೂ ಬಡಿಯುತ್ತದೆ ಎಂದ. ನಾಗಪ್ಪನವರ ಹೆಸರು ಕಿವಿಗೆ ಬಿದ್ದದ್ದೇ ತಡ, ಕುಂಚ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ.

ಕುಂಕುಮದಿಂದ ಸ್ವಸ್ತಿಕ ಬರೆದರಾಯಿತೆಂದಳು ಕಾಶೀಬಾಯಿ. ಕೆಂಪು ಬಣ್ಣ ತಾನಾಗಿ ಕಣ್ಣಿಗೆ ಹೊಡೆಯುತ್ತದೆಂದು ದಾಮೋದರ ಬೇಡವೆಂದ. ಚೆಂಡುಹೂವಿನ ಮಾಲೆ ಇಳಿಬಿಟ್ಟರೆ? ಗಾಳಿಗೆ ಸರಿದರೆ ಮುಗಿಯಿತು. ಪಕ್ಕದ ಮನೆಯ ಆಡು ಹಾಯಿತೆಂದು ಹೇಳಿದರೆ? ಲಗ್ನದ ಮನೆಯಲ್ಲಿ ಸುಳ್ಳು ಬೇಡವೆಂದು ಹೆಂಡತಿ ಕೈ ಮುಗಿದಳು. ಕೊನೆಗೆ ಉಳಿದದ್ದು ಗೋಪಿಕಾಳ ಕಾಡಿಗೆ ಡಬ್ಬಿ. ಅದಕ್ಕೆ ಹರಳೆಣ್ಣೆ ಬೆರೆಸಿ, ಕಿರುಬೆರಳಿನಿಂದ ಹಚ್ಚಿ, ಧೋತರದ ಚುಂಗಿನಿಂದ ಮೆಲ್ಲಗೆ ತಿಕ್ಕಿದ. ಕಲೆ ಕಾಣದಾಯಿತು. ಕಾಶೀಬಾಯಿ ಶೇಂಗಾ ಹೋಳಿಗೆಗೆ ಕಣಕ ನಾದಲು ಕೂತಳು; ನಾಗಪ್ಪನವರಿಗೆ ಅದೆಂದರೆ ಪ್ರಾಣ.

ನಾಗಪ್ಪನವರು ಬಂದರು. ಕೈಕಾಲು ತೊಳೆಯಲಿಲ್ಲ, ಕುಡಿಯಲು ನೀರು ಕೇಳಲಿಲ್ಲ. ನೆಟ್ಟಗೆ ಹೋಗಿ ಮೋಟಾರಿಗೆ ಒಂದು ಸುತ್ತು ಹಾಕಿದರು. ಮಡ್‌ಗಾರ್ಡಿನ ಹತ್ತಿರ ನಿಂತರು. ಹೆಬ್ಬೆರಳಿನಿಂದ ಒರೆಸಿದರು. ಬೆರಳು ಕಪ್ಪಾಯಿತು.

“ಇದಕ್ಕ ಕಾಡಿಗಿ ಹಚ್ಚಿದವರು ಯಾರ್ರಿ?”

“ನಾನ… ಕಾಯಿ ಒಡೀಲಿಕ್ಕೆ ಹೋಗಿ ಹಿಂಗಾತು. ತಪ್ಪಾತು. ಇದೊಂದ್ಸಲ ಹೊಟ್ಟ್ಯಾಗ ಹಾಕ್ಕೋರಿ, ನಾಗಪ್ಪನವರ. ನಾಳೆ ಹುಡುಗಿ ಲಗ್ನ ಅದ.”

ನಾಗಪ್ಪನವರು ತಲೆಯ ಮೇಲಿನ ಟೊಪ್ಪಿಗೆ ತೆಗೆದು, ಧೂಳು ಕೊಡವಿ, ಬಗಲಲ್ಲಿ ಇರುಕಿಕೊಂಡರು.

“ನನ್ನ ಪಗಾರ ಚುಕ್ತಾ ಮಾಡ್ರಿ, ಮಾಲಕ್ರ. ನಿಮ್ಮ ಮೋಟಾರಿಗೆ ಬ್ಯಾರೆ ಡ್ರೈವರ್‌ನ ನೋಡ್ಕೋರಿ.”